ಕಡಲಿಗೆ ಪಹಣಿ ಇಲ್ಲ

ಕಳೆಯನ್ನು ಕಿತ್ತು ಬದುವಿನ ಮೇಲೆ ಹಾಕುವುದು ಬೇಸಾಯದ ಮೊದಲ ಪಾಠ. ಆದರೆ ಕಳೆಯನ್ನೇ ನೆಟ್ಟು, ಕಾಪಾಡಿ, ಕೊಯ್ದು, ಒಣಗಿಸಿ ಮಾರುವ ಬೇಸಾಯವೊಂದು ಇಂದು ನಮ್ಮ ದೇಶದ ಕರಾವಳಿಯಲ್ಲಿ ನಡೆಯುತ್ತಿದೆ. ಅದೇ ಕಡಲಕಳೆಯ ಬೇಸಾಯ. ಅದಕ್ಕೆ ಉಳುವ ಎತ್ತು ಬೇಡ, ಗೊಬ್ಬರ ಬೇಡ, ನೀರು ಹಾಯಿಸುವ ಕಷ್ಟವೂ ಇಲ್ಲ, ಹೊಲವೇ ನೀರು. ಈ ಕಾರಣದಿಂದ ಅದನ್ನು ಬಡವರ ಪಾಲಿಗೆ ಒದಗಿದ ಭಾಗ್ಯವೆಂದು ಹೊಗಳುವ ಮಾತುಗಳನ್ನು ನಾವು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಆ ಹೊಗಳಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಹೊಲವೇ ನೀರಾದ ಮೇಲೆ ಆ ನೀರಿನ ಯೋಗಕ್ಷೇಮವನ್ನು ವಿಚಾರಿಸುವವರು ಯಾರು? ನೀರು ಕೆಟ್ಟು ಬೆಳೆ ಹೋದರೆ ಆ ನಷ್ಟ ಯಾರ ಲೆಕ್ಕಕ್ಕೆ? ಈ ಎರಡು ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಅವನ್ನು ಕೇಳುವುದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿನಿಗೆ ಸೂಕ್ಷ್ಮಜೀವಿಗಳ ಗೊಡವೆ ಏಕೆಂದು ಕೆಲವು ಗೆಳತಿಯರು ನಗಬಹುದು. ಸೂಕ್ಷ್ಮಜೀವಿಗಳ ಶಾಸ್ತ್ರವೇ ಒಂದು ಅಡುಗೆಮನೆಯ ಋಣದಲ್ಲಿದೆ ಎಂಬುದನ್ನು ಅವರಿಗೆ ನೆನಪಿಸಬಯಸುತ್ತೇನೆ. ೧೮೮೧ರ ಸುಮಾರಿನಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಅವರ ಪ್ರಯೋಗಶಾಲೆಯಲ್ಲಿ ಬ್ಯಾಕ್ಟೀರಿಯಗಳನ್ನು ಬೆಳೆಸುವುದು ದೊಡ್ಡ ಸಮಸ್ಯೆಯಾಗಿತ್ತು. ಜೆಲಟಿನ್ ಮೇಲೆ ಬೆಳೆಸಿದರೆ ಬೆಚ್ಚನೆಯ ಹವೆಗೆ ಅದು ಕರಗಿ ನೀರಾಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಎಂಬುವರ ಪತ್ನಿ ಫ್ಯಾನಿ ಹೆಸ್ಸೆ ಅವರು, ತಾವು ಮನೆಯಲ್ಲಿ ಹಣ್ಣಿನ ಪಾಕ ಗಟ್ಟಿಯಾಗಲು ಬಳಸುತ್ತಿದ್ದ ಅಗರ್ ಎಂಬ ಪದಾರ್ಥವನ್ನು ಸೂಚಿಸಿದರು. ಅಗರ್ ಕಡಲಕಳೆಯಿಂದ ತೆಗೆದ ಅಂಟು. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂಬ ಹೆಸರಿನಲ್ಲಿ ಸಿಕ್ಕುವುದು ಅದೇ. ಒಮ್ಮೆ ಹೆಪ್ಪುಗಟ್ಟಿದರೆ ಅದು ಸುಲಭವಾಗಿ ಕರಗದು. ಇಂದಿಗೂ ಜಗತ್ತಿನ ಆಸ್ಪತ್ರೆಗಳಲ್ಲಿ ರೋಗಾಣುಗಳನ್ನು ಗುರುತಿಸುವುದು ಬಹುಮಟ್ಟಿಗೆ ಈ ಕಡಲಕಳೆಯ ಅಂಟಿನ ಮೇಲೆಯೇ. ಕಡಲಕಳೆಯ ಮೇಲೆ ಸೂಕ್ಷ್ಮಜೀವಿಯನ್ನು ಬೆಳೆಸಿ ಇಷ್ಟೆಲ್ಲ ವಿದ್ಯೆಯನ್ನು ಸಂಪಾದಿಸಿದ ಮನುಷ್ಯನು, ಅದೇ ಕಳೆಯನ್ನು ಬೆಳೆಯ ಹೊರಟಾಗ ಸೂಕ್ಷ್ಮಜೀವಿಯನ್ನು ಮರೆತುದು ವಿಚಿತ್ರವಲ್ಲವೆ?

ಮಾತು ತೇಲಿಹೋಗದಿರಲೆಂದು ಒಂದು ನಿಜವಾದ ಪ್ರಸಂಗವನ್ನು ಮುಂದಿಟ್ಟುಕೊಳ್ಳುತ್ತೇನೆ. ಅದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯದು. ರಾಮೇಶ್ವರಕ್ಕೆ ಹೋದವರು ಪಾಂಬನ್ ಸೇತುವೆಯನ್ನು ದಾಟಿರುತ್ತಾರೆ. ಅದರ ಒಂದು ಕಡೆಗೆ ಪಾಕ್ ಕೊಲ್ಲಿ, ಇನ್ನೊಂದು ಕಡೆಗೆ ಮನ್ನಾರ್ ಕೊಲ್ಲಿ. ಅಲ್ಲಿಯ ಮೀನುಗಾರ ಕುಟುಂಬಗಳ ಹೆಂಗಸರು ಬಹುಕಾಲದಿಂದ ಕಡಲಿಗಿಳಿದು ತಾನಾಗಿ ಬೆಳೆದ ಕಳೆಯನ್ನು ಕಿತ್ತು ತಂದು ಮಾರುತ್ತಿದ್ದವರು. ೧೯೮೬ರಲ್ಲಿ ಮನ್ನಾರ್ ಕೊಲ್ಲಿಯ ೨೧ ದ್ವೀಪಗಳ ಸುತ್ತಿನ ಕಡಲು ರಾಷ್ಟ್ರೀಯ ಉದ್ಯಾನವಾಯಿತು. ಅದರಿಂದ ಹವಳಕ್ಕೆ ರಕ್ಷಣೆ ದೊರೆಯಿತು. ಕಳೆ ಕೀಳುವ ಕೈಗಳಿಗೆ ಕಟ್ಟು ಬಿತ್ತು. ಇಂಥ ಊರುಗಳಿಗೆ ಕಡಲಕಳೆಯ ಬೇಸಾಯವು ಹೊಸ ದಾರಿಯಾಗಿ ಬಂದಿತು.

ಬೆಳೆಯ ಹೆಸರು ಕಪ್ಪಾಫೈಕಸ್ ಅಲ್ವರೆಜಿ. ಅದು ನಮ್ಮ ಕಡಲಿನದಲ್ಲ. ೧೯೬೦ರ ದಶಕದ ಕೊನೆಯಲ್ಲಿ ಫಿಲಿಪ್ಪೀನ್ ದ್ವೀಪಗಳಲ್ಲಿ ಅಮೆರಿಕದ ಹವಾಯಿ ವಿಶ್ವವಿದ್ಯಾಲಯದ ಮ್ಯಾಕ್ಸ್‌ವೆಲ್ ಡೋಟಿ ಎಂಬ ಸಸ್ಯವಿಜ್ಞಾನಿಯ ಪ್ರಯತ್ನದಿಂದ ಇದರ ಬೇಸಾಯ ನೆಲೆಗೊಂಡಿತು. ಇದರಿಂದ ಕ್ಯಾರಗೀನನ್ ಎಂಬ ಅಂಟು ದೊರೆಯುತ್ತದೆ. ಐಸ್‌ಕ್ರೀಮು ನುಣುಪಾಗಿರುವುದಕ್ಕೂ ಹಲ್ಲುಜ್ಜುವ ಪೇಸ್ಟು ಗಟ್ಟಿಯಾಗಿ ನಿಲ್ಲುವುದಕ್ಕೂ ಅದು ಬೇಕು. ಭಾವನಗರದಲ್ಲಿರುವ ಕೇಂದ್ರೀಯ ಉಪ್ಪು ಮತ್ತು ಸಮುದ್ರ ರಾಸಾಯನಿಕ ಸಂಶೋಧನಾ ಸಂಸ್ಥೆಯು ಇದರ ಸ್ವಲ್ಪ ಬಿತ್ತನೆಯನ್ನು ಹೊರದೇಶದಿಂದ ತರಿಸಿ, ಪರೀಕ್ಷಿಸಿ, ಕ್ರಮೇಣ ಮಂಡಪಂ ಪ್ರದೇಶದಲ್ಲಿ ಬೆಳೆಯುವುದನ್ನು ತೋರಿಸಿಕೊಟ್ಟಿತು. ೨೦೦೦ದ ನಂತರ ವ್ಯಾಪಾರದ ಬೇಸಾಯ ಆರಂಭವಾಗಿ, ಮಹಿಳೆಯರ ಸ್ವಸಹಾಯ ಗುಂಪುಗಳು ಅದನ್ನು ಕೈಗೆತ್ತಿಕೊಂಡವು.

ಬೇಸಾಯದ ಕ್ರಮ ಸರಳ. ಬಿದಿರಿನ ಚೌಕ ತೆಪ್ಪವೊಂದಕ್ಕೆ ಅಡ್ಡಡ್ಡಲಾಗಿ ಹಗ್ಗಗಳನ್ನು ಕಟ್ಟುತ್ತಾರೆ. ಆ ಹಗ್ಗಗಳಿಗೆ ಕಳೆಯ ಸಣ್ಣ ಸಣ್ಣ ಕೊಂಬೆಗಳನ್ನು ಕಟ್ಟಿ, ತೆಪ್ಪವನ್ನು ಆಳವಿಲ್ಲದ ನೀರಿನಲ್ಲಿ ಲಂಗರು ಹಾಕಿ ನಿಲ್ಲಿಸುತ್ತಾರೆ. ಒಂದು ತೆಪ್ಪಕ್ಕೆ ಸುಮಾರು ೬೦ ಕಿಲೋಗ್ರಾಂ ಬಿತ್ತನೆ. ಎಲ್ಲವೂ ಸರಿಯಾಗಿದ್ದರೆ ೪೫ ದಿನಗಳಲ್ಲಿ ಅದು ನಾಲ್ಕು ಪಟ್ಟು ಆಗುತ್ತದೆ. ಮುಂದಿನ ಬೆಳೆಗೆಂದು ಮತ್ತೆ ೬೦ ಕಿಲೋ ತೆಗೆದಿಟ್ಟರೆ ಉಳಿಯುವುದು ೧೮೦ ಕಿಲೋ. ಒಣಗಿಸಿದರೆ ಹತ್ತು ಕಿಲೋ ಹಸಿಗೆ ಸುಮಾರು ಒಂದು ಕಿಲೋ ಒಣಕಳೆ. ಅಂದರೆ ಒಂದು ತೆಪ್ಪದಿಂದ ೧೮ ಕಿಲೋದಷ್ಟು ಮಾರಾಟದ ಸರಕು. ಹೀಗೆ ಹಲವಾರು ತೆಪ್ಪಗಳನ್ನು ಸರದಿಯಂತೆ ಇಳಿಸಿ ಕೊಯ್ಯುತ್ತ ಹೋದರೆ ಒಂದು ಸಂಸಾರ ನಡೆಯುತ್ತದೆ.

ಈ ಲೆಕ್ಕದಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಇಲ್ಲಿ ಬಿತ್ತನೆ ಬೇರೆ, ಬೆಳೆ ಬೇರೆ ಎಂಬುದಿಲ್ಲ. ನಮ್ಮ ಮನೆಗಳಲ್ಲಿ ಬತ್ತದ ಬೆಳೆ ಹಾಳಾದರೂ ಮೂಲೆಯ ಕಣಜದಲ್ಲಿ ಬಿತ್ತನೆಯ ಬತ್ತ ಇರುತ್ತದೆ. ಇಲ್ಲದಿದ್ದರೆ ನೆರೆಮನೆಯಲ್ಲಿ ಕೇಳಿ ತರಬಹುದು. ಕಡಲಕಳೆಯ ಕೊಂಬೆಯೇ ಬೀಜ. ಅದನ್ನು ಕಣಜದಲ್ಲಿ ಇಡುವಂತಿಲ್ಲ. ನೀರಿನಿಂದ ಮೇಲೆತ್ತಿದರೆ ಸಾಯುತ್ತದೆ, ನೀರಿನಲ್ಲಿಯೇ ಬಿಟ್ಟರೆ ನೀರಿನ ಗತಿಯೇ ಅದರ ಗತಿ. ಬೆಳೆ ಹೋದ ದಿನವೇ ಮುಂದಿನ ಬೆಳೆಯ ಬಿತ್ತನೆಯೂ ಹೋಗುತ್ತದೆ. ಒಂದು ಊರಿನ ನೀರು ಕೆಟ್ಟರೆ ನೆರೆಮನೆಯ ಬಿತ್ತನೆಯೂ ಉಳಿದಿರುವುದಿಲ್ಲ.

೨೦೦೧ರಲ್ಲಿ ಭಾರತದ ಉತ್ಪನ್ನ ಸುಮಾರು ೨೧ ಟನ್ನು ಒಣಕಳೆ. ೨೦೧೩ರ ವೇಳೆಗೆ ಅದು ಸುಮಾರು ೧,೪೯೦ ಟನ್ನಿಗೆ ಏರಿತು. ಅದರ ಬೆನ್ನಿಗೇ ದೊಡ್ಡ ಸಾವು ಬಂದಿತು. ಕಡಲಿನ ನೀರು ಕಾದು, ತೆಪ್ಪಗಳ ಮೇಲಿನ ಬೆಳೆ ಬೆಳ್ಳಗಾಗಿ, ಮೆತ್ತಗಾಗಿ, ಕಳಚಿ ಬಿದ್ದಿತು. ಬಿತ್ತನೆಯ ಅಭಾವವುಂಟಾಯಿತು. ಉತ್ಪನ್ನ ಕುಸಿಯಿತು. ಹನ್ನೆರಡು ವರ್ಷ ಏರಿದ ಬೆಳೆಯನ್ನು ನೀರಿನ ಬಿಸಿಯೊಂದು ಕೆಲವೇ ತಿಂಗಳಲ್ಲಿ ಕೆಳಗಿಳಿಸಿತು.

ಈ ಬೆಳ್ಳಗಾಗುವ ರೋಗ ಹೊಸದಲ್ಲ. ೧೯೭೪ರಲ್ಲಿಯೇ ಫಿಲಿಪ್ಪೀನಿನಲ್ಲಿ ಕಾಣಿಸಿಕೊಂಡು ‘ಐಸ್-ಐಸ್’ ಎಂಬ ಹೆಸರು ಪಡೆಯಿತು. ಕೊಂಬೆಯ ಬಣ್ಣ ಹೋಗಿ ಅದು ಮಂಜುಗಡ್ಡೆಯಂತೆ ಬೆಳ್ಳಗೆ ಕಾಣುವುದರಿಂದ ಆ ಹೆಸರು. ಬೆಳ್ಳಗಾದ ಜಾಗದಲ್ಲಿ ಕೊಂಬೆ ಮುರಿಯುತ್ತದೆ. ಅದಕ್ಕಿಂತ ಕೆಳಗಿನ ಭಾಗ ಚೆನ್ನಾಗಿದ್ದರೂ ಅಲೆಯ ಪಾಲಾಗುತ್ತದೆ. ರೋಗ ಹತ್ತಿದ ಬೆಳೆಯಿಂದ ಬರುವ ಕ್ಯಾರಗೀನನ್ ಕಡಿಮೆ. ಅದರ ಹೆಪ್ಪುಗಟ್ಟುವ ಶಕ್ತಿಯೂ ಕಡಿಮೆ.

ಈ ರೋಗಕ್ಕೆ ಕಾರಣವಾದ ಕ್ರಿಮಿ ಯಾವುದು? ೧೯೯೫ರಲ್ಲಿ ಡ್ಯಾನಿಲೊ ಲಾರ್ಗೊ ಎಂಬ ಫಿಲಿಪ್ಪೀನ್ ವಿಜ್ಞಾನಿಯೂ ಅವರ ಜೊತೆಗಾರರೂ ಪ್ರಕಟಿಸಿದ ಸಂಶೋಧನೆಗಳು ಈ ಪ್ರಶ್ನೆಗೆ ಉತ್ತರ ಹುಡುಕಿದವು. ಬೆಳ್ಳಗಾದ ಕೊಂಬೆಗಳ ಮೇಲೆ ಆರೋಗ್ಯದ ಕೊಂಬೆಗಳಿಗಿಂತ ಹತ್ತರಿಂದ ನೂರು ಪಟ್ಟು ಹೆಚ್ಚು ಬ್ಯಾಕ್ಟೀರಿಯ ಇದ್ದವು. ಅವುಗಳಲ್ಲಿ ಎರಡು ಬಗೆಯವನ್ನು ಬೇರ್ಪಡಿಸಿ ಆರೋಗ್ಯದ ಕೊಂಬೆಗೆ ಸೋಕಿಸಿ ನೋಡಿದರು. ರೋಗ ಬಂದಿತು, ಆದರೆ ವಿಶೇಷವಾಗಿ ಬಂದುದು ಮೊದಲೇ ಬಳಲಿದ ಕೊಂಬೆಗಳಿಗೆ. ಬಳಲಿಕೆ ಎಂದರೆ ಏನೆಂಬುದನ್ನೂ ಅವರು ಅಳೆದರು. ನೀರಿನ ಶಾಖ ೩೩ರಿಂದ ೩೫ ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ, ಸಾವಿರ ಭಾಗ ನೀರಿನಲ್ಲಿ ಸಾಮಾನ್ಯವಾಗಿ ೩೫ ಭಾಗವಿರುವ ಉಪ್ಪು ೨೦ಕ್ಕೆ ಅಥವಾ ಅದಕ್ಕೂ ಕೆಳಕ್ಕೆ ಇಳಿದಾಗ, ಬೆಳಕು ತೀರ ಕಡಿಮೆಯಾದಾಗ ಕೊಂಬೆಗಳು ಬೆಳ್ಳಗಾಗತೊಡಗಿದವು. ಬಳಲಿದ ಕಳೆಯ ಮೇಲೆ ಬ್ಯಾಕ್ಟೀರಿಯ ಮುತ್ತುತ್ತವೆ. ಅವುಗಳಲ್ಲಿ ಕೆಲವು ಕ್ಯಾರಗೀನನ್ನನ್ನೇ ಜೀರ್ಣಿಸಿಕೊಳ್ಳಬಲ್ಲವು. ಕಾರ್ಖಾನೆ ಬಯಸುವ ಅಂಟನ್ನು ಕಾರ್ಖಾನೆಗಿಂತ ಮೊದಲು ಅವು ತಿಂದುಬಿಡುತ್ತವೆ.

ಹಾಗಾದರೆ ಈ ಬ್ಯಾಕ್ಟೀರಿಯಗಳನ್ನೆಲ್ಲ ಕೊಂದುಬಿಟ್ಟರೆ ಸರಿಹೋಗುವುದೆ? ಹೋಗದು. ಕಡಲಕಳೆಯ ಮೈಮೇಲೆ ಸದಾ ಸೂಕ್ಷ್ಮಜೀವಿಗಳ ಒಂದು ತೆಳುವಾದ ಪದರ ಇದ್ದೇ ಇರುತ್ತದೆ. ಅದಿಲ್ಲದೆ ಕಳೆ ಬಾಳಲಾರದು. ೨೦೦೫ರಲ್ಲಿ ಎರಡು ಸಂಗತಿಗಳು ಬೆಳಕಿಗೆ ಬಂದವು. ಮುನ್ನೂರಕ್ಕೂ ಹೆಚ್ಚು ಜಾತಿಯ ಪಾಚಿಗಳ ವಿವರವನ್ನು ಕಲೆಹಾಕಿದ ವಿಜ್ಞಾನಿಗಳು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಬಿ-೧೨ ಎಂಬ ಜೀವಸತ್ವ ಹೊರಗಿನಿಂದ ಬೇಕೆಂದೂ ಅದನ್ನು ಒದಗಿಸುವವು ಬ್ಯಾಕ್ಟೀರಿಯಗಳೆಂದೂ ತೋರಿಸಿದರು. ಅದೇ ವರ್ಷ ಜಪಾನಿನ ವಿಜ್ಞಾನಿಗಳು, ಹಾಳೆಯಂತೆ ಹರಡಿಕೊಳ್ಳುವ ಕೆಲವು ಹಸಿರು ಕಡಲಕಳೆಗಳು ಬ್ಯಾಕ್ಟೀರಿಯದ ಸಹವಾಸವಿಲ್ಲದೆ ಹಾಳೆಯ ರೂಪವನ್ನೇ ತಾಳಲಾರವೆಂದೂ, ಬ್ಯಾಕ್ಟೀರಿಯ ಕೊಡುವ ಒಂದು ಪದಾರ್ಥದಿಂದ ಆ ರೂಪ ಮರಳುವುದೆಂದೂ ಕಂಡುಹಿಡಿದರು. ಅಂದರೆ ಕಳೆಯ ಮೈ ಒಂದು ಕೂಡುಕುಟುಂಬವಿದ್ದಂತೆ. ಅನ್ನ ನೀರು ಸರಿಯಾಗಿರುವತನಕ ಎಲ್ಲರೂ ಹೊಂದಿಕೊಂಡಿರುತ್ತಾರೆ. ಅಭಾವ ಬಂದಾಗ ಅದೇ ಮನೆಯಲ್ಲಿ ಪಾಲಿಗಾಗಿ ಜಗಳವೇಳುತ್ತದೆ. ಜಗಳಗಂಟನೊಬ್ಬನನ್ನು ಹೊರಹಾಕಿದರೆ ಮನೆ ಸರಿಹೋಗುವುದಿಲ್ಲ, ಅಭಾವ ನೀಗಬೇಕು. ಕಡಲಕಳೆಯ ಮನೆಯಲ್ಲಿ ಅಭಾವವೆಂದರೆ ನೀರಿನ ಕೆಡಕು.

ಈ ಮಾತನ್ನು ನಮ್ಮ ನೆಲದ ಒಂದು ಉದಾಹರಣೆಯೊಂದಿಗೆ ಹೋಲಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ. ಮಲೆನಾಡಿನ ಅಡಿಕೆ ತೋಟಗಳಿಗೆ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ಹಿಂದೆ ರೈತರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಆ ರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಅಡಿಕೆ ಬೆಳೆಗಾರನ ಕೈಗೆ ಒಂದು ಆಯುಧ ಬಂದಂತಾಯಿತು. ಮಳೆಯನ್ನು ನಿಲ್ಲಿಸಲಾಗದಿದ್ದರೂ ಗೊನೆಯನ್ನು ರಕ್ಷಿಸಬಹುದು. ಕಡಲಿನ ಬೇಸಾಯಗಾರ್ತಿಗೆ ಅಂಥ ಆಯುಧವಿಲ್ಲ. ಹರಿಯುವ ಕಡಲಿಗೆ ಔಷಧಿ ಸಿಂಪಡಿಸುವುದು ಹೇಗೆ? ಸಿಂಪಡಿಸಿದರೂ ಅದು ಮೀನಿಗೆ, ಹವಳಕ್ಕೆ, ಕಡೆಗೆ ನಮ್ಮ ಊಟದ ಎಲೆಗೆ ಬರುತ್ತದೆ. ಆದುದರಿಂದ ಅವಳ ಪಾಲಿಗೆ ಉಳಿದಿರುವ ಔಷಧಗಳು ಎರಡೇ: ನೀರು ಹೇಗಿದೆಯೆಂಬ ತಿಳಿವಳಿಕೆ, ಮತ್ತು ಅದು ಕೆಡುವ ಮೊದಲು ತೆಪ್ಪವನ್ನು ಸರಿಸುವ ಅಥವಾ ಬೆಳೆಯನ್ನು ಕೊಯ್ಯುವ ಅವಕಾಶ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಅರ್ಜಿ ಬರೆಯುವಷ್ಟು ಓದಿದವಳು ನಾನೇ ಮೊದಲಿಗಳಾದುದರಿಂದ, ಬೆಳೆನಷ್ಟವಾದ ವರ್ಷಗಳಲ್ಲಿ ನಮ್ಮ ಮತ್ತು ಅಕ್ಕಪಕ್ಕದವರ ಅರ್ಜಿಗಳನ್ನು ನಾನೇ ತುಂಬಿದ್ದೇನೆ. ಸರ್ವೆ ನಂಬರು, ಎಕರೆ-ಗುಂಟೆ, ಬೆಳೆಯ ಹೆಸರು, ಇವೆಲ್ಲ ಪಹಣಿಯಲ್ಲಿ ಇರುತ್ತವೆ. ಪರಿಹಾರ ಬರುವುದು ತಡವಾಗಬಹುದು, ಕಡಿಮೆಯಾಗಬಹುದು. ಆದರೆ ‘ಇಂಥ ನೆಲದಲ್ಲಿ ಇಂಥ ಬೆಳೆಯಿತ್ತು’ ಎಂಬ ಸತ್ಯಕ್ಕೆ ಒಂದು ಕಾಗದದ ಆಧಾರವಿದೆ. ಮಳೆ ಎಷ್ಟು ಬಿದ್ದಿತೆಂಬುದಕ್ಕೆ ಮಳೆಮಾಪಕದ ಲೆಕ್ಕವಿದೆ. ಆ ಎರಡು ಕಾಗದಗಳ ಮೇಲೆ ರೈತನು ನಿಂತು ಮಾತನಾಡಬಲ್ಲನು. ಕಡಲಿಗೆ ಪಹಣಿ ಇಲ್ಲ. ತೆಪ್ಪ ನಿಂತ ನೀರಿಗೆ ಸರ್ವೆ ನಂಬರಿಲ್ಲ. ಬೆಳೆ ಬಿಳಿಚಿ ಕಳಚಿ ಬಿದ್ದರೆ ಅಲೆ ಅದನ್ನು ಒಯ್ಯುತ್ತದೆ; ನೋಡಲು ಬಂದವರಿಗೆ ಬರಿಯ ಹಗ್ಗ ಕಾಣುತ್ತದೆ. ‘ಸರಿಯಾಗಿ ನೋಡಿಕೊಳ್ಳಲಿಲ್ಲ’ ಎಂಬ ಒಂದು ಮಾತಿನಲ್ಲಿ ಇಡೀ ನಷ್ಟವನ್ನು ಅವಳ ತಲೆಗೆ ಕಟ್ಟಬಹುದು. ನೀರನ್ನು ಕಾಯಿಸಿದವಳು ಅವಳಲ್ಲ. ಹೊಳೆಯ ಮೂಲಕ ಊರಿನ ಕೊಳಚೆಯನ್ನು ಕಡಲಿಗೆ ಬಿಟ್ಟವಳು ಅವಳಲ್ಲ. ಆದರೂ ನಷ್ಟ ಮಾತ್ರ ಅವಳದು.

ಆದುದರಿಂದ ನನ್ನ ಅಭಿಪ್ರಾಯವಿದು: ಕಡಲಕಳೆಯ ಬೇಸಾಯ ನಡೆಯುವಲ್ಲೆಲ್ಲ ನೀರಿನ ದಿನಚರಿಯೊಂದನ್ನು ಬರೆದಿಡುವ ಏರ್ಪಾಡು ಮೊದಲು ಆಗಬೇಕು; ಆ ದಿನಚರಿಗೆ ಪಹಣಿಯ ಮಾನ್ಯತೆ ಸಿಗಬೇಕು; ಆಮೇಲೆ ತೆಪ್ಪಗಳ ಸಂಖ್ಯೆಯೂ ಟನ್ನುಗಳ ಗುರಿಯೂ ಬರಲಿ.

ಇದಕ್ಕೆ ಕೆಲವು ಆಕ್ಷೇಪಣೆಗಳು ಏಳುತ್ತವೆ. ಮೊದಲನೆಯದು, ಕಡಲಕಳೆ ತಾನೇ ನೀರನ್ನು ಶುದ್ಧಮಾಡುವಾಗ ನೀರಿನ ಚಿಂತೆ ಏಕೆ ಎಂಬುದು. ಕಳೆಯು ನೀರಿನಲ್ಲಿರುವ ಸಾರಜನಕ, ರಂಜಕಗಳನ್ನು ಹೀರಿಕೊಂಡು ಬೆಳೆಯುವುದು ನಿಜ. ಆದರೆ ಹೀರಿದುದೆಲ್ಲ ಅದರ ಮೈಯಲ್ಲಿದೆ. ಕೊಯ್ದು ದಡಕ್ಕೆ ತಂದರೆ ಮಾತ್ರ ಅದು ನೀರಿನಿಂದ ಹೊರಗೆ ಬಂದಂತೆ. ಅಲ್ಲಿಯೇ ಕೊಳೆತರೆ ಎಲ್ಲವೂ ಮತ್ತೆ ನೀರಿಗೆ ಸೇರಿ, ಕೊಳೆಸುವ ಬ್ಯಾಕ್ಟೀರಿಯಗಳು ನೀರಿನ ಪ್ರಾಣವಾಯುವನ್ನೂ ಬಳಸಿಕೊಳ್ಳುತ್ತವೆ. ಅಲ್ಲದೆ ಅತಿಯಾದ ಸಾರವು ಬೆಳೆಗಿಂತ ಬೇಗ ಬೆಳೆಯುವ ಬೇರೆ ಪಾಚಿಗಳಿಗೆ ಅನುಕೂಲ. ನೂಲಿನಂಥ ಸಣ್ಣ ಪಾಚಿಗಳು ಬೆಳೆಯ ಮೈಗೆ ಹತ್ತಿಕೊಂಡು ಬೆಳಕನ್ನು ಮುಚ್ಚುವುದುಂಟು. ಹೊಲದ ಕಳೆಗೂ ಕಳೆ ಹತ್ತುತ್ತದೆ ಎಂದು ಹೇಳಬಹುದು.

ಎರಡನೆಯ ಆಕ್ಷೇಪಣೆ, ಈ ತಳಿ ಸೋತರೆ ಗಟ್ಟಿಯಾದ ಬೇರೆ ತಳಿಯನ್ನು ಹೊರದೇಶದಿಂದ ತರೋಣ ಎಂಬುದು. ಕೊಂಬೆಯಿಂದ ಕೊಂಬೆಗೆ ವರ್ಷಾನುಗಟ್ಟಲೆ ಕತ್ತರಿಸಿ ನೆಟ್ಟ ಬೆಳೆಯಲ್ಲಿ ಎಲ್ಲವೂ ಒಂದೇ ರಕ್ತ. ಒಂದಕ್ಕೆ ಬಂದುದು ಎಲ್ಲಕ್ಕೂ ಬರುತ್ತದೆ. ಆದಕಾರಣ ಹೊಸ ತಳಿ ಬೇಕೆಂಬುದರಲ್ಲಿ ಹುರುಳಿದೆ. ಆದರೆ ಹೊಸ ಕೊಂಬೆ ಒಂಟಿಯಾಗಿ ಬರುವುದಿಲ್ಲ, ತನ್ನ ಮೈಮೇಲಿನ ಸೂಕ್ಷ್ಮಜೀವಿಗಳ ಸಂಸಾರವನ್ನೂ ಕರೆತರುತ್ತದೆ. ೨೦೨೪ರಲ್ಲಿ ಕೇಂದ್ರ ಸರ್ಕಾರವು ಜೀವಂತ ಕಡಲಕಳೆಯ ಆಮದಿಗೆ ಮಾರ್ಗಸೂಚಿಗಳನ್ನು ಹೊರಡಿಸಿ, ಬಂದ ಸರಕನ್ನು ಕ್ವಾರಂಟೈನಿನಲ್ಲಿಟ್ಟು ಪರೀಕ್ಷಿಸಬೇಕೆಂದು ವಿಧಿಸಿದುದು ಯೋಗ್ಯವಾಗಿದೆ. ಪರಕೀಯ ಕಳೆ ಹದ್ದು ಮೀರಿದರೆ ಏನಾಗುವುದೆಂಬುದನ್ನು ನಾವು ಈಗಾಗಲೇ ಕಂಡಿದ್ದೇವೆ. ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಇದೇ ಕಪ್ಪಾಫೈಕಸ್ ಹಬ್ಬಿ ಅವುಗಳನ್ನು ಮುಚ್ಚಿದುದು ೨೦೦೮ರಲ್ಲಿ ವರದಿಯಾಯಿತು. ಹಗ್ಗದ ಮೇಲೆ ನಿಲ್ಲದೆ ಸಾಯುವ ಕಳೆಯೇ ಹವಳದ ಮೇಲೆ ಹಬ್ಬಿ ಹವಳವನ್ನು ಕೊಲ್ಲುವುದು ಎಂಥ ವಿಪರ್ಯಾಸ!

ಮೂರನೆಯ ಆಕ್ಷೇಪಣೆ ಎಲ್ಲಕ್ಕಿಂತ ಗಂಭೀರವಾದುದು. ಹಸಿದವರಿಗೆ ಇಂದು ಕೂಲಿ ಬೇಕು. ನೀರನ್ನು ಅಳೆಯುತ್ತ ಕುಳಿತರೆ ಹೊಟ್ಟೆ ತುಂಬುವುದೆ ಎಂಬುದು ಆ ಆಕ್ಷೇಪಣೆ. ಇದಕ್ಕೆ ಉತ್ತರವಾಗಿ ಆಫ್ರಿಕದ ಪೂರ್ವ ತೀರದಲ್ಲಿರುವ ಝಾಂಜಿಬಾರ್ ದ್ವೀಪವನ್ನು ನೋಡಬಹುದು. ಅಲ್ಲಿ ೧೯೮೯ರಲ್ಲಿ ಈ ಬೇಸಾಯ ವ್ಯಾಪಾರಕ್ಕೆ ಬಂದಿತು. ಬಹುತೇಕ ಬೇಸಾಯಗಾರರು ಹೆಂಗಸರು. ಇಳಿತದ ವೇಳೆ ಮೊಣಕಾಲುದ್ದ ನೀರಿನಲ್ಲಿ ಗೂಟ ನೆಟ್ಟು ಹಗ್ಗ ಕಟ್ಟುತ್ತಿದ್ದರು. ೨೦೦೦ದ ನಂತರದ ವರ್ಷಗಳಲ್ಲಿ ಆಳವಿಲ್ಲದ ಆ ನೀರು ಕಾದು, ಹೆಚ್ಚು ಬೆಲೆ ತರುತ್ತಿದ್ದ ಕಪ್ಪಾಫೈಕಸ್ ಅನೇಕ ಕಡೆ ಸೋತುಹೋಯಿತು. ಅವರು ಕಡಿಮೆ ಬೆಲೆಯ ಇನ್ನೊಂದು ಕಳೆಗೆ ಇಳಿಯಬೇಕಾಯಿತು. ಫ್ಲವರ್ ಮ್ಸುಯಾ ಎಂಬ ಅಲ್ಲಿಯ ಮಹಿಳಾ ವಿಜ್ಞಾನಿ, ತಂಪಾದ ಆಳದ ನೀರಿನಲ್ಲಿ ಕೊಳವೆಯಾಕಾರದ ಬಲೆಗಳಲ್ಲಿ ಬೆಳೆಯುವ ಕ್ರಮವನ್ನು ಹೆಂಗಸರೊಡನೆ ಕೂಡಿ ಪ್ರಯೋಗಿಸಿದರು. ಆದರೆ ಆಳಕ್ಕೆ ಹೋಗಲು ದೋಣಿ ಬೇಕು, ಈಜು ಬರಬೇಕು. ನೀರು ಬಿಸಿಯಾದುದರ ಪರಿಣಾಮ ಕಡೆಗೆ ‘ಯಾರಿಗೆ ಈಜು ಬರುತ್ತದೆ’ ಎಂಬ ಪ್ರಶ್ನೆಯಾಗಿ ನಿಂತಿತು. ಹಸಿದವರ ಹೆಸರಿನಲ್ಲಿ ನೀರನ್ನು ಅಳೆಯದೆ ಬಿಟ್ಟರೆ, ಮುಂದೆ ಇನ್ನಷ್ಟು ಹಸಿಯುವವರೂ ಅವರೇ.

ನೀರಿನ ದಿನಚರಿಗೆ ದೊಡ್ಡ ಯಂತ್ರಗಳೇನೂ ಬೇಕಾಗಿಲ್ಲ. ಒಂದು ಶಾಖಮಾಪಕ, ಉಪ್ಪಿನಂಶವನ್ನು ತೋರಿಸುವ ಒಂದು ಕೈ ಉಪಕರಣ, ಒಂದು ನೋಟುಬುಕ್ಕು. ಬೆಳಿಗ್ಗೆ ಒಮ್ಮೆ, ಬಿಸಿಲು ಏರಿದ ಮೇಲೆ ಒಮ್ಮೆ ಗುಂಪಿನ ಹೆಂಗಸರೇ ತಮ್ಮ ಭಾಷೆಯಲ್ಲಿ ಬರೆದಿಡಲಿ: ನೀರಿನ ಶಾಖ ಎಷ್ಟು, ಉಪ್ಪು ಎಷ್ಟು, ನೀರು ತಿಳಿಯೋ ಕದಡೋ, ಹಗ್ಗವೊಂದರಲ್ಲಿ ಬಿಳಿಚಿದ ಕೊಂಬೆಗಳೆಷ್ಟು. ಶಾಖ ೩೩ ಡಿಗ್ರಿಯ ಸಮೀಪಕ್ಕೆ ಬಂದರೆ ತೆಪ್ಪವನ್ನು ಆಳಕ್ಕೆ ಸರಿಸಬೇಕೆ, ಬೇಗ ಕೊಯ್ಯಬೇಕೆ ಎಂಬುದನ್ನು ಆ ನೋಟುಬುಕ್ಕೇ ಹೇಳುತ್ತದೆ. ವಾರಕ್ಕೊಮ್ಮೆ ಮೀನುಗಾರಿಕೆ ಇಲಾಖೆಯವರು ಬಂದು ಅದಕ್ಕೆ ರುಜು ಹಾಕಲಿ. ತಿಂಗಳಿಗೊಮ್ಮೆ ಕೊಂಬೆಯ ಮತ್ತು ನೀರಿನ ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸಿ ಬ್ಯಾಕ್ಟೀರಿಯಗಳ ಸ್ಥಿತಿಯನ್ನು ನೋಡಲಿ. ನಷ್ಟವಾದಾಗ ಆ ರುಜು ಹಾಕಿದ ಪುಟವೇ ಅವಳ ಸಾಕ್ಷಿಯಾಗಲಿ. ಇದರ ಜೊತೆಗೆ, ತಂಪಾದ ನೀರಿನಲ್ಲೊಂದು, ದಡದ ಪ್ರಯೋಗಶಾಲೆಯಲ್ಲೊಂದು ಬಿತ್ತನೆಯ ಭಂಡಾರವನ್ನು ಸರ್ಕಾರದ ಖರ್ಚಿನಲ್ಲಿ ಇಡಬೇಕು. ಬೀಜವನ್ನು ಕಣಜದಲ್ಲಿಡಲಾಗದವಳಿಗೆ ಸರ್ಕಾರವೇ ಕಣಜವಾಗಬೇಕಲ್ಲವೆ?

ಹಣದ ಕೊರತೆಯೆಂದು ಹೇಳುವಂತಿಲ್ಲ. ೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲಕಳೆಗೆಂದೇ ಐದು ವರ್ಷಗಳಿಗೆ ೬೪೦ ಕೋಟಿ ರೂಪಾಯಿಗಳನ್ನು ಗೊತ್ತುಮಾಡಿ, ವರ್ಷಕ್ಕೆ ೧೧ ಲಕ್ಷ ಟನ್ನಿಗೂ ಮಿಕ್ಕಿ ಬೆಳೆಯುವ ಗುರಿಯನ್ನಿಟ್ಟರು. ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾಗಿ ನಾನು ಕಲಿತ ಒಂದು ಪಾಠವೆಂದರೆ, ಆದಾಯವನ್ನು ಬರೆಯುವಾಗ ಸವಕಳಿಯನ್ನೂ ಬರೆಯಬೇಕು ಎಂಬುದು. ಟನ್ನುಗಳು ಆದಾಯದ ಕಡೆಗೆ ಸೇರುತ್ತವೆ. ನೀರಿನ ಸವಕಳಿಯನ್ನು ಬರೆಯುವ ಕಡೆ ಯಾವುದು?

ಕನ್ನಡನಾಡಿನವರಿಗೆ ಇದೆಲ್ಲ ದೂರದ ಮಾತೆಂದು ತೋರಬಹುದು. ನಮಗೂ ಸುಮಾರು ೩೦೦ ಕಿಲೋಮೀಟರುಗಳ ಕರಾವಳಿಯಿದೆ. ಅಲ್ಲಿಯೂ ಕಡಲಕಳೆ ಬೆಳೆಯೋಣ ಎಂಬ ಆಸೆ ಸಹಜವಾದುದು. ಆದರೆ ತೀರದ ಉದ್ದವನ್ನು ನೋಡಿ ಬೆಳೆಯ ಲೆಕ್ಕ ಹಾಕುವುದು ಸರಿಯಲ್ಲ. ಪಾಕ್ ಕೊಲ್ಲಿ ಮರೆಯಾದ ನೀರು. ನಮ್ಮದು ನೈರುತ್ಯ ಮಾರುತಕ್ಕೆ ಎದೆಯೊಡ್ಡಿ ನಿಂತ ತೀರ. ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿದ ಮಳೆ ಬಹುತೇಕ ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ಘಟ್ಟದ ನೀರನ್ನೂ ಮಣ್ಣನ್ನೂ ಹೊತ್ತು ಕಡಲಿಗೆ ಬೀಳುತ್ತವೆ. ಅಳಿವೆಗಳ ಸಮೀಪ ಆಗ ಉಪ್ಪು ಇಳಿಯುತ್ತದೆ, ನೀರು ಕೆಂಪಾಗಿ ಬೆಳಕು ಕುಂದುತ್ತದೆ. ಲಾರ್ಗೊ ಮುಂತಾದವರು ಹೇಳಿದ ಬಳಲಿಕೆಯ ಲಕ್ಷಣಗಳಲ್ಲಿ ಎರಡು ಅಲ್ಲಿಯೇ ಸಿದ್ಧವಾಗಿವೆ. ಆದುದರಿಂದ ರಾಮನಾಥಪುರದ ಪಂಚಾಂಗವನ್ನು ನಮ್ಮ ತೀರಕ್ಕೆ ತಂದು ಅಂಟಿಸಿದರೆ ನಡೆಯದು. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಮಂಗಳೂರಿನಲ್ಲಿ ೧೯೬೯ರಲ್ಲಿ ಸ್ಥಾಪನೆಯಾದ ಮೀನುಗಾರಿಕಾ ಕಾಲೇಜಿದೆ. ನಮ್ಮ ನೀರನ್ನು ಬಲ್ಲವರು ನಮ್ಮಲ್ಲಿಯೇ ಇದ್ದಾರೆ. ತೆಪ್ಪ ಇಳಿಸುವ ಮೊದಲು ಪ್ರತಿಯೊಂದು ಜಾಗದ ನೀರನ್ನು ಪೂರ್ತಿ ಒಂದು ವರ್ಷ, ಮಳೆಗಾಲವೂ ಸೇರಿದಂತೆ, ಅಳೆದು ನೋಡಲಿ. ನಮ್ಮ ತೀರದ ಬಂಡೆಗಳ ಮೇಲೆ ತಾವಾಗಿ ಬೆಳೆಯುವ ಕಳೆಗಳಲ್ಲಿ ಬೇಸಾಯಕ್ಕೆ ಒಗ್ಗುವವು ಯಾವುವೆಂಬುದನ್ನೂ ಪರೀಕ್ಷಿಸಲಿ. ಅವು ಈ ನೀರಿಗೂ ಈ ನೀರಿನ ಸೂಕ್ಷ್ಮಜೀವಿಗಳಿಗೂ ಹೊಂದಿಕೊಂಡು ಬಂದವು.

ಕಡೆಯದಾಗಿ ನನ್ನ ಸಹಪಾಠಿಗಳಿಗೆ ಒಂದು ಮಾತು. ನಮ್ಮಲ್ಲಿ ವಿಜ್ಞಾನಿಗಳಾಗುವವರು ಯಾರೂ ಇಲ್ಲದಿರಬಹುದು. ಆದರೆ ಇನ್ನು ಕೆಲವು ವರ್ಷಗಳಲ್ಲಿ ನಮ್ಮಲ್ಲಿ ಅನೇಕರು ತಾಲ್ಲೂಕು ಕಚೇರಿಯಲ್ಲೋ, ಬ್ಯಾಂಕಿನಲ್ಲೋ, ಇಲಾಖೆಗಳಲ್ಲೋ ಮೇಜಿನ ಆಚೆಗೆ ಕುಳಿತಿರುತ್ತೇವೆ. ಸಾಲದ ಅರ್ಜಿ, ಸಹಾಯಧನದ ಅರ್ಜಿ, ನಷ್ಟದ ಅರ್ಜಿ ನಮ್ಮ ಕೈಯಿಂದಲೇ ಹಾಯುತ್ತವೆ. ಅರ್ಜಿಯ ನಮೂನೆಯಲ್ಲಿ ಯಾವ ಕಾಲಂ ಇರಬೇಕೆಂಬುದನ್ನು ಬರೆಯುವವರೂ ಕೆಲವೊಮ್ಮೆ ನಮ್ಮಂಥವರೇ. ಕಡಲಿಗಿಳಿಯುವ ಹೆಂಗಸಿನ ಅರ್ಜಿಯಲ್ಲಿ ‘ತೆಪ್ಪಗಳ ಸಂಖ್ಯೆ’ ಎಂಬ ಕಾಲಮ್ಮಿನ ಪಕ್ಕದಲ್ಲಿ ‘ನೀರಿನ ಶಾಖ, ಉಪ್ಪಿನಂಶ, ದಿನಚರಿಯ ಪುಟ’ ಎಂಬ ಇನ್ನೊಂದು ಕಾಲಂ ಸೇರಿಸಲು ಹೆಚ್ಚು ಖರ್ಚಿಲ್ಲ, ಒಂದು ಗೆರೆ ಎಳೆದರೆ ಸಾಕು. ಆ ಗೆರೆಯನ್ನು ಎಳೆಯುವ ಸಂದರ್ಭ ನಮ್ಮಲ್ಲಿ ಯಾರಿಗಾದರೂ ಬಂದರೆ, ಅವರು ಎಳೆಯಲಿ ಎಂದು ಕೇಳಿಕೊಳ್ಳುತ್ತೇನೆ.